ಗಣಕದ ಭರವಸೆ ಯಾರ ಹೊಣೆ?

2025ರ ಮಳೆಗಾಲ ಹಿಂದೆಗೆಯುತ್ತಿದ್ದ ದಿನಗಳಲ್ಲಿ ಕೊಪ್ಪ ತಾಲ್ಲೂಕಿನ ಸಹಕಾರ ಸಂಘವೊಂದರ ಕಾರ್ಯದರ್ಶಿಯವರು ಕೈಯಲ್ಲೊಂದು ಕೊಟೇಶನ್ ಹಿಡಿದುಕೊಂಡು ನನ್ನ ಮನೆಗೆ ಬಂದರು. ಸಂಘದಲ್ಲಿ ಏಳು ಗಣಕಯಂತ್ರಗಳಿವೆ. ಅವನ್ನು ಮಾರಿದ ವ್ಯಾಪಾರಿಯೇ ಈಗ ‘ಅಕ್ಟೋಬರ್ 14ರ ನಂತರ ಇವು ಸುರಕ್ಷಿತವಲ್ಲ, ಏಳನ್ನೂ ಬದಲಿಸಿ’ ಎಂದು ಮೂರೂವರೆ ಲಕ್ಷ ರೂಪಾಯಿಯ ಲೆಕ್ಕ ಬರೆದುಕೊಟ್ಟಿದ್ದರು. ಯಂತ್ರಗಳೇನೂ ಕೆಟ್ಟಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಗುಂಡಿ ಒತ್ತಿದರೆ ಸಂಜೆಯವರೆಗೆ ದುಡಿಯುತ್ತಿದ್ದವು. ಎಂಜಿನಿಯರಿಂಗ್ ಓದುತ್ತಿರುವ ಕಾರ್ಯದರ್ಶಿಯವರ ಮಗ ಬೇರೆಯದೇ ದಾರಿ ಹೇಳಿದ್ದ: ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಇದೇ ಯಂತ್ರಗಳು ಇನ್ನೂ ಐದಾರು ವರ್ಷ ನಡೆಯುತ್ತವೆ, ತಂತ್ರಾಂಶಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ತಂದೆಯ ಸಂದೇಹವಿದ್ದದ್ದು ಅಲ್ಲಿಯೇ. ‘ಯಾರೋ ಪುಕ್ಕಟೆ ಮಾಡಿಟ್ಟದ್ದನ್ನು ನಂಬಿ ಎರಡು ಸಾವಿರ ಜನರ ಷೇರು, ಸಾಲ, ಠೇವಣಿಯ ಲೆಕ್ಕ ಇಡೋದು ಹೇಗೆ ಸಾರ್? ನಾಳೆ ಏನಾದ್ರೂ ಆದ್ರೆ ಯಾರನ್ನ ಕೇಳೋದು?’

ಈ ಪ್ರಶ್ನೆ ಒಂದು ಸಂಘಕ್ಕೆ ಸೀಮಿತವಾದುದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ, ಶಾಲೆ, ಕಾಲೇಜು, ಸಹಕಾರ ಸಂಘಗಳಲ್ಲಿ, ಪೇಟೆಯ ಜೆರಾಕ್ಸ್ ಅಂಗಡಿಗಳಲ್ಲಿ ಇರುವ ಹಳೆಯ ಗಣಕಗಳನ್ನೆಲ್ಲ ಅದು ತಟ್ಟುತ್ತದೆ. 2015ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಪರಿಷ್ಕರಣೆ ನೀಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11, ಭದ್ರತೆಗಾಗಿ ಟಿಪಿಎಂ 2.0 ಎಂಬ ಬಿಡಿಭಾಗವನ್ನೂ ಸಾಕಷ್ಟು ಇತ್ತೀಚಿನ ಪ್ರೊಸೆಸರನ್ನೂ ಬೇಡುತ್ತದೆ. ಸುಮಾರು 2017ಕ್ಕಿಂತ ಹಿಂದೆ ಕೊಂಡ ಬಹುಪಾಲು ಯಂತ್ರಗಳು ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತವೆ. ಹಳೆಯದರಲ್ಲೇ ಮುಂದುವರಿಯುವ ಸಂಸ್ಥೆಗಳು ಹಣ ತೆತ್ತು ಮೂರು ವರ್ಷಗಳವರೆಗೆ ಪರಿಷ್ಕರಣೆ ಪಡೆಯಬಹುದು. ಅದರ ಘೋಷಿತ ದರ ಗಣಕವೊಂದಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ ಅದರ ಇಮ್ಮಡಿ, ಮೂರನೆಯ ವರ್ಷ ಮತ್ತೆ ಇಮ್ಮಡಿ. ಒಟ್ಟು 427 ಡಾಲರ್, ಅಂದರೆ 35 ಸಾವಿರ ರೂಪಾಯಿಗೂ ಹೆಚ್ಚು. ಹಳೆಯ ಯಂತ್ರದ ಬೆಲೆಗಿಂತ ಅದರ ಆಯುಷ್ಯ ವಿಸ್ತರಣೆಯ ಬೆಲೆಯೇ ಹೆಚ್ಚಾಗುವ ಈ ಏರ್ಪಾಡಿನ ಉದ್ದೇಶ ಗ್ರಾಹಕನನ್ನು ಹೊಸ ಯಂತ್ರದತ್ತ ನೂಕುವುದೇ ಎಂಬುದು ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿಯುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಮೊದಲ ವರ್ಷ ಒಂದೇ ಡಾಲರ್. ಇದು ಉದಾರತೆಯೋ ಮುಂದಿನ ಪೀಳಿಗೆಯ ಗ್ರಾಹಕರಿಗಾಗಿ ಹೂಡಿದ ಬಂಡವಾಳವೋ ಎಂಬುದನ್ನು ಓದುಗರೇ ತೀರ್ಮಾನಿಸಿಕೊಳ್ಳಲಿ.

ಇಂತಹ ಚರ್ಚೆಯಲ್ಲಿ ಎರಡು ಬಣಗಳು ಕೂಡಲೇ ಎದ್ದು ನಿಲ್ಲುತ್ತವೆ. ‘ಹಣ ಕೊಟ್ಟು ಕೊಂಡದ್ದಕ್ಕೆ ಹೊಣೆಗಾರರಿರುತ್ತಾರೆ, ಪುಕ್ಕಟೆಯದಕ್ಕೆ ಇರುವುದಿಲ್ಲ’ ಎನ್ನುವುದು ಒಂದು ವಾದ. ‘ಸಾವಿರಾರು ಜನ ತೆರೆದ ಕಣ್ಣಿನಿಂದ ನೋಡುವ ತಂತ್ರಾಂಶದಲ್ಲಿ ದೋಷ ಉಳಿಯಲಾರದು’ ಎನ್ನುವುದು ಇನ್ನೊಂದು. ಮೂರು ದಶಕಕ್ಕೂ ಮಿಕ್ಕ ಸರ್ಕಾರಿ ಸೇವೆಯಲ್ಲಿ ಗಣಕ ಬರುವ ಮೊದಲಿನ ಕಚೇರಿಯನ್ನೂ ಬಂದ ನಂತರದ ಕಚೇರಿಯನ್ನೂ ನೋಡಿರುವ ನನಗೆ ಈ ಎರಡೂ ವಾದಗಳು ಅರ್ಧ ಸತ್ಯಗಳಾಗಿ ಕಾಣುತ್ತವೆ.

ವಾಣಿಜ್ಯ ತಂತ್ರಾಂಶಕ್ಕೆ ಸಲ್ಲಬೇಕಾದ ಶ್ರೇಯವನ್ನು ಮೊದಲು ಸಲ್ಲಿಸೋಣ. 2002ರ ವೇಳೆಗೆ ರಾಜ್ಯದ ಅಂದಿನ 177 ತಾಲ್ಲೂಕುಗಳಿಗೂ ಹರಡಿದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದನ್ನು ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಅದು ನಿಂತದ್ದು ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ ಮತ್ತು ಅದೇ ಕಂಪನಿಯ ದತ್ತಸಂಚಯ ತಂತ್ರಾಂಶದ ಮೇಲೆ. ಆ ವರ್ಷಗಳಲ್ಲಿ ಕಂದಾಯ ಇಲಾಖೆಯಲ್ಲಿದ್ದ ನನಗೆ, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂಬ ಆದೇಶ ಬಂದ ದಿನ ಮನಸ್ಸಿನಲ್ಲಿ ಮೂಡಿದ ಅಳುಕು ಇನ್ನೂ ನೆನಪಿದೆ. ಅಳುಕು ಸುಳ್ಳಾಯಿತು. ಮಲೆನಾಡಿನ ಮಳೆ, ಗಂಟೆಗಟ್ಟಲೆ ಇಲ್ಲದ ವಿದ್ಯುತ್ತು, ಯುಪಿಎಸ್‌ನ ಕೀರಲು ಸದ್ದು ಇವೆಲ್ಲದರ ನಡುವೆಯೂ ಪಹಣಿಗಳು ಹೊರಬಂದವು.

ಆದರೆ ಅದು ನಂಬಿಕೆಗೆ ಅರ್ಹವಾದದ್ದು ವಿಂಡೋಸ್ ಎಂಬ ಹೆಸರಿನಿಂದಲ್ಲ. ಪಹಣಿಯೊಂದಕ್ಕೆ ವಸೂಲು ಮಾಡುತ್ತಿದ್ದ 15 ರೂಪಾಯಿಯಿಂದ ಕಾಗದ, ಶಾಯಿ, ದುರಸ್ತಿಯ ಖರ್ಚು ನಡೆಯುತ್ತಿತ್ತು. ಬೆರಳಚ್ಚು ಕೊಟ್ಟೇ ಗಣಕದೊಳಗೆ ಪ್ರವೇಶಿಸಬೇಕಿದ್ದುದರಿಂದ ಯಾರು ಏನು ತಿದ್ದಿದರು ಎಂಬುದಕ್ಕೆ ದಾಖಲೆ ಇರುತ್ತಿತ್ತು. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂಬುದು ಶಿರಸ್ತೇದಾರರಿಗೂ ಗೊತ್ತಿತ್ತು. ಅಂದು ಕಾರ್ಯದರ್ಶಿಯವರು ಕೇಳಿದ ‘ಯಾರನ್ನ ಕೇಳೋದು?’ ಎಂಬ ಪ್ರಶ್ನೆಗೆ ಭೂಮಿಯಲ್ಲಿ ಉತ್ತರವಿತ್ತು. ಆ ಉತ್ತರ ಅಮೆರಿಕದಲ್ಲಿರಲಿಲ್ಲ, ಜಿಲ್ಲಾ ಕೇಂದ್ರದಲ್ಲಿತ್ತು.

ಹಣ ಕೊಟ್ಟರೆ ಹೊಣೆಗಾರಿಕೆ ಸಿಗುತ್ತದೆ ಎಂಬ ನಂಬಿಕೆಯನ್ನು ಪರಿಶೀಲಿಸುವವರು ತಮ್ಮ ಗಣಕ ಮೊದಲ ಬಾರಿಗೆ ತೆರೆದುಕೊಂಡಾಗ ‘ಒಪ್ಪಿದ್ದೇನೆ’ ಎಂದು ಒತ್ತಿದ ಒಪ್ಪಂದವನ್ನು ಒಮ್ಮೆ ಓದಬೇಕು. ತಂತ್ರಾಂಶದಿಂದ ನಷ್ಟವಾದರೆ ಕಂಪನಿಯ ಹೊಣೆ ಎಷ್ಟರಮಟ್ಟಿಗೆ ಎಂಬುದನ್ನು ಅಲ್ಲಿ ಬಹಳ ಬಿಗಿಯಾಗಿ ಮಿತಿಗೊಳಿಸಲಾಗಿರುತ್ತದೆ. ಮುಕ್ತ ತಂತ್ರಾಂಶದ ಪರವಾನಗಿಗಳೂ ‘ಯಾವುದೇ ಖಾತರಿ ಇಲ್ಲ’ ಎಂದೇ ಹೇಳುತ್ತವೆ. ವ್ಯತ್ಯಾಸವೆಂದರೆ ಒಂದರಲ್ಲಿ ಆ ಮಾತು ಮೊದಲ ಪುಟದಲ್ಲಿರುತ್ತದೆ, ಇನ್ನೊಂದರಲ್ಲಿ ಹುಡುಕಬೇಕಾಗುತ್ತದೆ.

ನಡೆದ ಸಂಗತಿಗಳನ್ನೇ ನೋಡೋಣ. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಿತು. ಕಚೇರಿಗಳು ಎಂದಿನಂತೆ ಅದನ್ನೇ ಬಳಸುತ್ತಿದ್ದವು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ವಿಂಡೋಸ್ ಗಣಕಗಳ ಕಡತಗಳನ್ನು ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳ ಸುದ್ದಿ ಎಲ್ಲರೂ ಓದಿದರು. ನಮಗೆ ಹತ್ತಿರದ ಸುದ್ದಿ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಅದೇ ವಾರ ಕೇರಳದ ವಯನಾಡು ಮತ್ತು ಪತ್ತನಂತಿಟ್ಟ ಜಿಲ್ಲೆಗಳಲ್ಲಿ ಆ ದಾಳಿಗೆ ಸಿಕ್ಕಿದ್ದು ಗ್ರಾಮ ಪಂಚಾಯಿತಿ ಕಚೇರಿಗಳ ಗಣಕಗಳು. ಆ ದೋಷಕ್ಕೆ ಪರಿಹಾರವನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಬಿಡುಗಡೆ ಮಾಡಿತ್ತು, ಆದರೆ ಬೆಂಬಲದ ಅವಧಿಯೊಳಗಿದ್ದ ಆವೃತ್ತಿಗಳಿಗೆ ಮಾತ್ರ. ಎಕ್ಸ್‌ಪಿಗೆ ಅದು ಸಾರ್ವಜನಿಕವಾಗಿ ದೊರೆತದ್ದು ದಾಳಿಯ ನಂತರ.

ಇನ್ನು 2024ರ ಜುಲೈ 19. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್‌ನದೇ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಲಾಯಿತು. ತಪ್ಪು ವಿಂಡೋಸ್‌ನದಲ್ಲ, ನಿಜ. ಆದರೆ ಎಲ್ಲರೂ ಒಂದೇ ಮರದ ಕೊಂಬೆಯಲ್ಲಿ ಕುಳಿತಿದ್ದರೆ ಕೊಂಬೆ ಮುರಿದಾಗ ಏನಾಗುತ್ತದೆಂಬುದು ಅಂದು ಗೊತ್ತಾಯಿತು. ಮುಂದಿನ ವರ್ಷದ ಜುಲೈನಲ್ಲಿ ಇನ್ನೊಂದು ಬಗೆಯ ಪಾಠವಾಯಿತು. ರಷ್ಯಾದ ರಾಸ್‌ನೆಫ್ಟ್ ಪಾಲು ಹೊಂದಿರುವ, ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಯ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಆ ಕಂಪನಿಗೆ ಮೈಕ್ರೋಸಾಫ್ಟ್‌ನ ಸೇವೆಗಳು ನಿಂತುಹೋದವು. ಭಾರತದ ನೆಲದಲ್ಲಿರುವ, ಭಾರತದ ಕಾನೂನಿನಂತೆ ಹಣ ಪಾವತಿಸಿದ ಗ್ರಾಹಕ ತನ್ನ ಮಿಂಚಂಚೆಗಾಗಿ ದೆಹಲಿ ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಸೇವೆ ಮರಳಿತು. ಪ್ರಶ್ನೆ ಉಳಿಯಿತು.

ಇಷ್ಟು ಓದಿದ ಮುಕ್ತ ತಂತ್ರಾಂಶದ ಅಭಿಮಾನಿಗಳು ಸಂತೋಷಪಡುವ ಮೊದಲು ಅವರ ಮನೆಯ ಲೆಕ್ಕವನ್ನೂ ನೋಡಬೇಕು. ಅಂತರಜಾಲದಲ್ಲಿ ಬ್ಯಾಂಕು ವ್ಯವಹಾರ ಮಾಡುವಾಗ ನಮ್ಮ ಗುಪ್ತಪದವನ್ನು ಕಾಯುವ ‘ಓಪನ್ ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶದಲ್ಲಿ 2012ರಲ್ಲಿ ಬಿಡುಗಡೆಯಾದ ಆವೃತ್ತಿಯೊಂದರಿಂದ ಗಂಭೀರ ದೋಷವಿತ್ತು. ಅದು ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಲ್ಲಿ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷಗಳ ಕಾಲ ಆ ಸಾವಿರಾರು ಕಣ್ಣುಗಳು ಎಲ್ಲಿದ್ದವು? ವಿಚಾರಿಸಿದಾಗ ತಿಳಿದುಬಂದದ್ದು, ಜಗತ್ತಿನ ಅರ್ಧಕ್ಕರ್ಧ ವ್ಯಾಪಾರ ಅವಲಂಬಿಸಿದ್ದ ಆ ಯೋಜನೆಗೆ ಪೂರ್ಣಾವಧಿಯ ಕೆಲಸಗಾರ ಒಬ್ಬರೇ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಅದನ್ನು ಬಳಸಿ ಕೋಟಿಗಟ್ಟಲೆ ಸಂಪಾದಿಸುತ್ತಿದ್ದ ಕಂಪನಿಗಳು ಹಣದ ಚೀಲ ಬಿಚ್ಚಿದ್ದು ಅನಾಹುತವಾದ ಮೇಲೆ.

ಹತ್ತು ವರ್ಷಗಳ ಬಳಿಕ ನಡೆದ ‘ಎಕ್ಸ್‌ಝಡ್’ ಪ್ರಕರಣ ಇನ್ನೂ ಕಳವಳಕಾರಿ. ಕಡತಗಳನ್ನು ಅಡಕಗೊಳಿಸುವ ಒಂದು ಚಿಕ್ಕ ಉಪಕರಣವನ್ನು ಬಹುತೇಕ ಒಬ್ಬರೇ ಸ್ವಯಂಸೇವಕರು ಹಲವು ವರ್ಷ ಪೋಷಿಸಿಕೊಂಡು ಬಂದಿದ್ದರು, ದಣಿದಿದ್ದರು. ಆಗ ಸಹಾಯ ಮಾಡುವ ನೆಪದಲ್ಲಿ ಬಂದ ಅಜ್ಞಾತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಲಿನಕ್ಸ್ ಯಂತ್ರಗಳೊಳಗೆ ಕಳ್ಳದಾರಿ ತೆರೆಯುವ ಸಂಕೇತವನ್ನು ಸೇರಿಸಿದ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಪ್ರವೇಶಕ್ಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋಗಿ ಅದನ್ನು ಹಿಡಿದರು. ಸ್ಥಿರ ಆವೃತ್ತಿಗಳಿಗೆ ಅದು ತಲುಪುವ ಮೊದಲೇ ಸಿಕ್ಕಿಬಿದ್ದದ್ದು ಅದೃಷ್ಟ. ಮೂಲ ಸಂಕೇತ ಎಲ್ಲರ ಮುಂದೆ ತೆರೆದಿದ್ದುದರಿಂದಲೇ ಅದನ್ನು ಹುಡುಕಲು ಸಾಧ್ಯವಾಯಿತೆಂಬುದೂ ನಿಜ. ವಿಪರ್ಯಾಸವೆಂದರೆ, ಹಿಡಿದವರು ಮೈಕ್ರೋಸಾಫ್ಟ್‌ನ ಉದ್ಯೋಗಿ.

ಮಲೆನಾಡಿನವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ನಾವು ಚಿಕ್ಕವರಿದ್ದಾಗ ನಾಟಿಗೂ ಅಡಿಕೆ ಸುಲಿತಕ್ಕೂ ಮುಯ್ಯಾಳು ಪದ್ಧತಿ ಇತ್ತು. ಇಂದು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ. ಅದನ್ನು ಯಾರೂ ಬಿಟ್ಟಿ ಚಾಕರಿ ಎನ್ನುತ್ತಿರಲಿಲ್ಲ. ಕೂಲಿಯಾಳಿನ ಕೆಲಸಕ್ಕಿಂತ ಮುಯ್ಯಾಳಿನ ಕೆಲಸ ಕಳಪೆ ಎಂದೂ ಯಾರೂ ಹೇಳಲಿಲ್ಲ, ಏಕೆಂದರೆ ಕಳಪೆ ನಾಟಿ ಮಾಡಿದವನ ಗದ್ದೆಗೆ ಮರುವಾರ ಅದೇ ಜನ ಹೋಗಬೇಕಿತ್ತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಕೆಲಸ ಬೆಳೆದದ್ದು ಈ ಬಗೆಯ ಮುಯ್ಯಿಯಿಂದಲೇ. ಇಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಬರುವ ಕೊಡುಗೆಯಲ್ಲಿ ಬಹುಪಾಲು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂತಹ ಕಂಪನಿಗಳ ಸಂಬಳ ಪಡೆಯುವ ಎಂಜಿನಿಯರುಗಳದು. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ 2017ರ ನವೆಂಬರ್‌ನಿಂದ ಅದರ ಮೇಲೆಯೇ ನಡೆಯುತ್ತಿವೆ. ಪುಕ್ಕಟೆಯದನ್ನು ನಂಬುವುದು ಹೇಗೆಂದು ನನ್ನನ್ನು ಕೇಳಿದ ಕಾರ್ಯದರ್ಶಿಯವರ ಅಂಗಿಯ ಜೇಬಿನಲ್ಲಿದ್ದ ಆಂಡ್ರಾಯ್ಡ್ ಫೋನಿನ ತಳದಲ್ಲಿಯೂ ಇರುವುದು ಅದೇ ಕರ್ನೆಲ್.

ಆದರೆ ಮುಯ್ಯಾಳು ಪದ್ಧತಿ ಹೇಗೆ ನಿಂತುಹೋಯಿತೆಂಬುದೂ ನಮಗೆ ಗೊತ್ತು. ಹುಡುಗರು ಬೆಂಗಳೂರಿಗೆ ಹೋದರು, ಉಳಿದ ನಾಲ್ಕು ಮನೆಗಳ ಮೇಲೆ ಭಾರ ಬಿತ್ತು, ಒಂದು ವರ್ಷ ನಾಟಿಯೇ ಆಗಲಿಲ್ಲ. ಗಣಕದ ಪರದೆಯ ಮೇಲೆ ನಮಗೆ ಕಾಣುವ ಭಾಗ, ಅಂದರೆ ಕಚೇರಿ ತಂತ್ರಾಂಶ, ಮುದ್ರಕ, ಅಕ್ಷರ, ಅನುವಾದ ಇವು ಕರ್ನೆಲ್‌ನಷ್ಟು ಅದೃಷ್ಟಶಾಲಿಗಳಲ್ಲ. ಅಲ್ಲಿ ಸಂಬಳದವರು ಕಡಿಮೆ. ಕನ್ನಡದ ಮಟ್ಟಿಗೆ ಬಹುತೇಕ ಎಲ್ಲವೂ ಕೆಲವೇ ಉತ್ಸಾಹಿಗಳ ರಾತ್ರಿಯ ದುಡಿಮೆ.

ಕನ್ನಡದ ವಿಷಯ ಬಂದದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಭರವಸೆಯ ಪ್ರಶ್ನೆ ಹೆಚ್ಚು ತೀವ್ರವಾಗಿರುವುದು ಇಲ್ಲಿಯೇ. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಬಂತು. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಎಲ್ಲಕ್ಕೂ ಆಧಾರವಾಯಿತು. ಈ ತಂತ್ರಾಂಶಗಳಿಲ್ಲದೆ ಕನ್ನಡ ಆಡಳಿತ ಭಾಷೆ ಎಂಬ ಮಾತು ಗಣಕಯುಗದಲ್ಲಿ ಘೋಷಣೆಯಾಗಿಯೇ ಉಳಿಯುತ್ತಿತ್ತು. ಆದರೆ ಅಂದಿನ ದಾಖಲೆಗಳು ಆಯಾ ಫಾಂಟಿಗೆ ಕಟ್ಟುಬಿದ್ದ ಸಂಕೇತಗಳಲ್ಲಿದ್ದವು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಕಚೇರಿಗಳು ಅದಕ್ಕೆ ಹೊರಳಲು ವರ್ಷಗಳೇ ಹಿಡಿದವು. 2004ರಲ್ಲಿ ನಾನೇ ಬೆರಳಚ್ಚು ಮಾಡಿಸಿ ಇಟ್ಟುಕೊಂಡಿದ್ದ ಒಂದು ತನಿಖಾ ವರದಿಯನ್ನು ಇತ್ತೀಚೆಗೆ ತೆರೆದರೆ ಪರದೆಯ ತುಂಬ ರೋಮನ್ ಅಕ್ಷರಗಳ ರಾಶಿ. ಕಡತ ಇದೆ, ಓದು ಇಲ್ಲ. ಅದನ್ನು ಮತ್ತೆ ಕನ್ನಡವಾಗಿಸಿದ್ದು ಯಾರೋ ಸ್ವಯಂಸೇವಕರು ಬರೆದು ಸಾರ್ವಜನಿಕರಿಗೆ ಬಿಟ್ಟಿದ್ದ ಪರಿವರ್ತಕ. ನೂರಕ್ಕೆ ತೊಂಬತ್ತೆಂಟು ಸರಿಯಾಗಿತ್ತು. ಅರ್ಕಾವತ್ತುಗಳನ್ನು ಮಾತ್ರ ನಾನು ಕುಳಿತು ತಿದ್ದಿದೆ.

ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕುಳಿತು ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡದ್ದೇಕೆ ಎಂದು ಆಗ ಹಲವರು ಆಶ್ಚರ್ಯಪಟ್ಟಿದ್ದುಂಟು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಯ ಹೆಸರನ್ನು ಹೊತ್ತ ಆ ತಂತ್ರಾಂಶ ಇಂದು ಇದೇ ತಾಲ್ಲೂಕಿನ ಎಷ್ಟು ಗಣಕಗಳಲ್ಲಿದೆ? ನಾನು ನೋಡಿದ ಒಂದರಲ್ಲಿಯೂ ಇಲ್ಲ. ಉದ್ಘಾಟನೆಗೆ ಹಣ ಸಿಗುತ್ತದೆ, ನಿರ್ವಹಣೆಗೆ ಸಿಗುವುದಿಲ್ಲ ಎಂಬ ನಮ್ಮ ಹಳೆಯ ರೋಗ ಕಟ್ಟಡ, ಕೆರೆ, ತಂತ್ರಾಂಶ ಯಾವುದನ್ನೂ ಬಿಟ್ಟಿಲ್ಲ.

ಮುಕ್ತ ತಂತ್ರಾಂಶಕ್ಕೆ ಹೋದವರ ಅನುಭವವೇನು? ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ನಿರ್ಧರಿಸಿ, 2013ರ ವೇಳೆಗೆ ಸುಮಾರು 15 ಸಾವಿರ ಗಣಕಗಳನ್ನು ಲಿನಕ್ಸ್‌ಗೆ ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದನ್ನು ಕಂಪನಿಯ ಪಿತೂರಿ ಎಂದು ಕೆಲವರೂ ಮುಕ್ತ ತಂತ್ರಾಂಶದ ಸೋಲು ಎಂದು ಕೆಲವರೂ ವ್ಯಾಖ್ಯಾನಿಸಿದರು. ಹೊರಗಿನ ಕಚೇರಿಗಳೊಂದಿಗೆ ಕಡತ ವಿನಿಮಯದ ತೊಡಕು, ವಿಂಡೋಸ್ ಮಾತ್ರ ಒಪ್ಪುವ ವಿಶೇಷ ತಂತ್ರಾಂಶಗಳು, ನಗರದ ಗಣಕ ವಿಭಾಗದೊಳಗಿನ ಅವ್ಯವಸ್ಥೆ ಎಲ್ಲವೂ ಅದರಲ್ಲಿದ್ದವು.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಹೋಗಿ ನೋಡಬಹುದು. ಕೇರಳ ಸರ್ಕಾರ 2000ರ ದಶಕದ ಮಧ್ಯಭಾಗದಿಂದ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿದೆ. ‘ಐಟಿ ಅಟ್ ಸ್ಕೂಲ್’ ಎಂದು ಆರಂಭವಾಗಿ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾದ ಸಂಸ್ಥೆ ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸುತ್ತದೆ. ಅದರ ಪಠ್ಯಪುಸ್ತಕ ಕನ್ನಡದಲ್ಲಿಯೂ ಇದೆ. 2019ರಲ್ಲಿ ಎರಡು ಲಕ್ಷ ಗಣಕಗಳಿಗೆ ಹೊಸ ಆವೃತ್ತಿ ಅಳವಡಿಸುವಾಗ ಇದರಿಂದ 3,000 ಕೋಟಿ ರೂಪಾಯಿ ಉಳಿತಾಯ ಎಂದು ಪ್ರಕಟಿಸಲಾಯಿತು. ಅಂಕಗಣಿತ ಮಾಡಿದರೆ ಗಣಕವೊಂದಕ್ಕೆ ಒಂದೂವರೆ ಲಕ್ಷ. ಅಷ್ಟು ಬೆಲೆಯ ತಂತ್ರಾಂಶಗಳನ್ನು ಯಾವ ಶಾಲೆಯೂ ಕೊಳ್ಳುತ್ತಿರಲಿಲ್ಲವಾದ್ದರಿಂದ ಇದನ್ನು ಉಳಿತಾಯ ಎನ್ನಲು ನನ್ನ ಅರ್ಥಶಾಸ್ತ್ರ ಒಪ್ಪುವುದಿಲ್ಲ. ನಿಜವಾದ ಸಾಧನೆ ಬೇರೆಯದು. ಅಲ್ಲಿನ ಶಿಕ್ಷಕರೇ ತರಬೇತುದಾರರಾದರು. ಶಾಲೆಯ ಗಣಕ ಕೆಟ್ಟರೆ ಅದನ್ನು ಬಿಚ್ಚಿ ನೋಡಬಲ್ಲವರು ಆ ಶಾಲೆಯಲ್ಲಿಯೇ ಇದ್ದರು.

ನಾವು 2001ರಲ್ಲಿ ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ ಸಾವಿರ ಪ್ರೌಢಶಾಲೆಗಳಿಗೆ ಗಣಕ ಕೊಟ್ಟೆವು. ಕಲಿಸುವ ಕೆಲಸವನ್ನು ಖಾಸಗಿ ತರಬೇತಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟೆವು. ಗುತ್ತಿಗೆ ಮುಗಿದಾಗ ಕಲಿಸುವವರು ಹೋದರು, ಕೋಣೆಗೆ ಬೀಗ ಬಿತ್ತು. ಹಾಗೆ ಬೀಗ ಬಿದ್ದ ಕೋಣೆಯೊಂದನ್ನು ತಪಾಸಣೆಗೆ ಹೋದಾಗ ತೆರೆಸಿದ್ದೆ. ಯಂತ್ರಗಳ ಮೇಲೆ ಹೊದಿಸಿದ್ದ ಬಟ್ಟೆಗೆ ಬೂಷ್ಟು ಬಂದಿತ್ತು. ಆ ಯಂತ್ರಗಳಲ್ಲಿ ಯಾವ ತಂತ್ರಾಂಶವಿತ್ತು ಎಂಬುದು ಅಪ್ರಸ್ತುತ.

ಈ ಹಿನ್ನೆಲೆಯಲ್ಲಿ ನಮ್ಮ ಮೂರು ತಾಲ್ಲೂಕುಗಳ ಪ್ರಶ್ನೆಗೆ ಬರೋಣ. 2003ರಲ್ಲಿದ್ದ ಪರಿಸ್ಥಿತಿ ಈಗಿಲ್ಲ. ಅಂದು ತಂತ್ರಾಂಶ ಮೇಜಿನ ಮೇಲಿನ ಗಣಕದೊಳಗೆ ಇರುತ್ತಿತ್ತು. ಇಂದು ಬಹುಪಾಲು ಕೆಲಸ ಬ್ರೌಸರಿನ ಮೂಲಕ ಎಲ್ಲೋ ಇರುವ ಸರ್ವರಿನಲ್ಲಿ ನಡೆಯುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಸಂಘವೊಂದಕ್ಕೆ ಸರಾಸರಿ ನಾಲ್ಕು ಲಕ್ಷ. ಅದರ ಸಮಾನ ತಂತ್ರಾಂಶವೂ ಜಾಲದ ಮೂಲಕವೇ ನಡೆಯುವಂಥದು. ಅಂತಹ ಕೆಲಸಕ್ಕೆ ಮೇಜಿನ ಮೇಲಿರುವುದು ವಿಂಡೋಸೋ ಲಿನಕ್ಸೋ ಎಂಬುದು ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ. ಜನ ದಿನವೂ ಕೇಳುವ ‘ಸರ್ವರ್ ಡೌನ್’ ಎಂಬ ಉತ್ತರಕ್ಕೂ ಮೇಜಿನ ಮೇಲಿನ ಗಣಕಕ್ಕೂ ಸಂಬಂಧವೇ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ, ಅದರ ಹಿಂದೆಯೇ ಟವರ್ ಹೋಗಿ, ಶೃಂಗೇರಿಯ ಒಳಹಳ್ಳಿಯೊಂದರಲ್ಲಿ ಇಡೀ ದಿನ ಸಂಪರ್ಕವಿಲ್ಲದಿದ್ದರೆ ಯಾವ ವ್ಯವಸ್ಥೆಯೂ ವಿಶ್ವಾಸಾರ್ಹವಲ್ಲ.

ತೊಡಕುಗಳಿರುವುದು ಅಂಚಿನಲ್ಲಿ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಓದುವ ಸಾಧನ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕ, ಟ್ಯಾಲಿ, ನುಡಿ. ಇವುಗಳಲ್ಲಿ ಕೆಲವು ವಿಂಡೋಸ್ ಬಿಟ್ಟು ಬೇರೆಡೆ ನಡೆಯುವುದಿಲ್ಲ, ಕೆಲವು ನಡೆಯುತ್ತವಾದರೂ ಅರ್ಧ ದಿನದ ಸಾಹಸ ಬೇಡುತ್ತವೆ. ಕೇಂದ್ರ ಸರ್ಕಾರ 2015ರಲ್ಲಿಯೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿ ಪ್ರಕಟಿಸಿದೆ. ಮುಕ್ತ ತಂತ್ರಾಂಶವನ್ನು ಕೈಬಿಟ್ಟರೆ ಕಾರಣ ದಾಖಲಿಸಬೇಕೆಂದೂ ಅದರಲ್ಲಿದೆ. ಅದಕ್ಕೂ ಮೊದಲು, 2007ರಲ್ಲಿ, ಸರ್ಕಾರದ್ದೇ ಆದ ಸಿ-ಡ್ಯಾಕ್ ‘ಬಾಸ್’ ಎಂಬ ಲಿನಕ್ಸ್ ಆವೃತ್ತಿಯನ್ನು ಭಾರತೀಯ ಭಾಷೆಗಳೊಂದಿಗೆ ಬಿಡುಗಡೆ ಮಾಡಿತ್ತು. ನೀತಿಯೂ ಇದೆ, ತಂತ್ರಾಂಶವೂ ಇದೆ. ಆದರೆ ಟೆಂಡರಿನಲ್ಲಿ ‘ಈ ಸಾಧನ ಲಿನಕ್ಸ್‌ನಲ್ಲಿಯೂ ನಡೆಯತಕ್ಕದ್ದು’ ಎಂಬ ಒಂದು ಸಾಲು ಸೇರಿಸುವವರಿಲ್ಲ.

ಮುಕ್ತ ತಂತ್ರಾಂಶಕ್ಕೆ ಕೊನೆಯ ದಿನಾಂಕವಿಲ್ಲ ಎಂಬ ಭ್ರಮೆಯೂ ಬೇಡ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಸಾಮಾನ್ಯ ಬೆಂಬಲ ಐದು ವರ್ಷ ಮಾತ್ರ. ಸಂಪೂರ್ಣ ಸ್ವಯಂಸೇವಕರದೇ ಆದ ಡೆಬಿಯನ್ ಕೂಡ 2025ರ ಆಗಸ್ಟ್‌ನ ಆವೃತ್ತಿಯಲ್ಲಿ ಹಳೆಯ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಅಳವಡಿಸುವ ಸೌಲಭ್ಯವನ್ನು ಕೈಬಿಟ್ಟಿತು. ಆದರೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಮುಂದಿನ ಆವೃತ್ತಿಗೆ ಹೋಗಲು ಹಣ ಕೊಡಬೇಕಿಲ್ಲ, ಸಾಮಾನ್ಯವಾಗಿ ಹೊಸ ಯಂತ್ರ ಬೇಕಿಲ್ಲ, ಮತ್ತು ಪೋಷಿಸುವವರು ಕೈಬಿಟ್ಟರೆ ಬೇರೊಬ್ಬರು ಎತ್ತಿಕೊಳ್ಳುವ ಹಕ್ಕು ಉಳಿದಿರುತ್ತದೆ. 2010ರಲ್ಲಿ ಸನ್ ಕಂಪನಿಯನ್ನು ಒರೇಕಲ್ ಕೊಂಡಾಗ ‘ಓಪನ್ ಆಫೀಸ್’ನ ಭವಿಷ್ಯದ ಬಗ್ಗೆ ಸಂಶಯಗೊಂಡ ಸ್ವಯಂಸೇವಕರು ಅದೇ ಸಂಕೇತವನ್ನು ಎತ್ತಿಕೊಂಡು ‘ಲಿಬ್ರೆ ಆಫೀಸ್’ ಕಟ್ಟಿದರು. ಇಂದು ಬದುಕಿ ಬೆಳೆಯುತ್ತಿರುವುದು ಎರಡನೆಯದು. ಆದರೆ ಹಕ್ಕು ಇದ್ದರೆ ಸಾಲದು, ಅದನ್ನು ಚಲಾಯಿಸುವ ಕೈಗಳೂ ಹತ್ತಿರದಲ್ಲಿರಬೇಕು.

ಒಂದು ಸರಳ ಲೆಕ್ಕ ಮುಂದಿಡುತ್ತೇನೆ. ಮೂರು ತಾಲ್ಲೂಕುಗಳ ಪಂಚಾಯಿತಿ, ಸಂಘ, ಶಾಲೆಗಳಲ್ಲಿ ಹೀಗೆ ಬದಲಿಸಬೇಕಾದ ಗಣಕಗಳು ನೂರೇ ಇವೆಯೆಂದು ಇಟ್ಟುಕೊಳ್ಳಿ. ತಲಾ 50 ಸಾವಿರದಂತೆ 50 ಲಕ್ಷ ರೂಪಾಯಿ. ಅದೇ ಹಣದಲ್ಲಿ ತಿಂಗಳಿಗೆ 25 ಸಾವಿರ ಸಂಬಳದ ಮೂವರು ತಂತ್ರಜ್ಞರನ್ನು ತಾಲ್ಲೂಕಿಗೊಬ್ಬರಂತೆ ಐದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಳ್ಳಬಹುದು. ಮೊದಲನೆಯ ಖರ್ಚು ಜಿಲ್ಲೆಯಿಂದ ಹೊರಗೆ ಹೋಗುತ್ತದೆ, ಐದಾರು ವರ್ಷಗಳಲ್ಲಿ ಮತ್ತೆ ಬರುತ್ತದೆ. ಎರಡನೆಯದು ಐಟಿಐ, ಡಿಪ್ಲೊಮಾ ಓದಿ ಬೆಂಗಳೂರಿನ ಬಸ್ಸು ಕಾಯುತ್ತಿರುವ ಮೂರು ಮನೆಗಳ ಮಕ್ಕಳಿಗೆ ಊರಿನಲ್ಲೇ ಕೆಲಸವಾಗುತ್ತದೆ. ಎಲ್ಲ ಗಣಕಗಳನ್ನೂ ಲಿನಕ್ಸ್‌ಗೆ ತಳ್ಳಬೇಕೆಂದು ನಾನು ಹೇಳುತ್ತಿಲ್ಲ. ಬ್ರೌಸರ್ ಮತ್ತು ಪತ್ರವ್ಯವಹಾರಕ್ಕಷ್ಟೇ ಬಳಕೆಯಾಗುವ ಯಂತ್ರಗಳು ಹೋಗಲಿ. ಸಹಿಯ ಟೋಕನ್, ಟ್ಯಾಲಿ ಇರುವ ಒಂದೆರಡು ವಿಂಡೋಸ್‌ನಲ್ಲಿ ಉಳಿಯಲಿ. ಸರ್ಕಾರದ ಹಣದಲ್ಲಿ ಆದ ಯಾವುದೇ ಕನ್ನಡ ತಂತ್ರಾಂಶದ ಮೂಲ ಸಂಕೇತ ಸಾರ್ವಜನಿಕವಾಗಲಿ. ಫಾಂಟ್, ಪರಿವರ್ತಕ, ಪದಪರೀಕ್ಷಕಗಳನ್ನು ಪೋಷಿಸುತ್ತಿರುವ ಬೆರಳೆಣಿಕೆಯ ಸ್ವಯಂಸೇವಕರಿಗೆ ಸನ್ಮಾನದ ಶಾಲಿನ ಬದಲು ವಾರ್ಷಿಕ ವೇತನ ಸಿಗಲಿ. ರಾಜ್ಯದ ಆಯವ್ಯಯದಲ್ಲಿ ಅದು ಲೆಕ್ಕಕ್ಕೂ ಸಿಗದಷ್ಟು ಸಣ್ಣ ಮೊತ್ತ. ‘ಪುಕ್ಕಟೆ ಸಿಗುವುದಕ್ಕೆ ಹಣವೇಕೆ?’ ಎಂದು ಲೆಕ್ಕಪರಿಶೋಧಕರು ಆಕ್ಷೇಪ ಎತ್ತುವರೆಂಬ ಅಂಜಿಕೆ ನನ್ನ ಹಳೆಯ ಸಹೋದ್ಯೋಗಿಗಳಿಗೆ ಇದ್ದೀತು. ದೇವರು ಕೊಟ್ಟ ಹೊಳೆಗೂ ಸಂಕ ಹಾಕಲು ಪ್ರತಿವರ್ಷ ಖರ್ಚು ಹಾಕುತ್ತೇವಲ್ಲ.

ಕಾರ್ಯದರ್ಶಿಯವರ ಸಂಘದ ಆಡಳಿತ ಮಂಡಳಿ ಎರಡು ಸಭೆ ನಡೆಸಿತು. ಒಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಅಡಿಕೆ ಧಾರಣೆಯ ಮಾತು ಮುಗಿದು ಗಣಕದ ವಿಷಯಕ್ಕೆ ಬರುವಾಗ ಕತ್ತಲಾಗಿತ್ತು. ಕೊನೆಗೆ ಎರಡು ಹೊಸ ಗಣಕ ಕೊಂಡರು. ಐದಕ್ಕೆ ಲಿನಕ್ಸ್ ಹಾಕಿಸಿದರು. ಕೊಪ್ಪ ಪೇಟೆಯಲ್ಲಿ ದುರಸ್ತಿ ಅಂಗಡಿ ಇಟ್ಟಿರುವ ಹುಡುಗನೊಬ್ಬನಿಗೆ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ, ವಾರಕ್ಕೊಮ್ಮೆ ಬಂದು ಲೆಕ್ಕದ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ ಬೀರುವಿನಲ್ಲಿಡಬೇಕೆಂದು ಠರಾವು ಮಾಡಿದರು. ಐದರಲ್ಲಿ ನಾಲ್ಕು ಮೊದಲ ದಿನದಿಂದಲೇ ಸರಿಯಾಗಿ ನಡೆಯುತ್ತಿವೆ. ಐದನೆಯದಕ್ಕೆ ಹಳೆಯ ಪಾಸ್‌ಬುಕ್ ಮುದ್ರಕ ಹೊಂದಿಕೊಳ್ಳಲು ಮೂರು ವಾರ ಹಿಡಿಯಿತು. ಆ ಮೂರು ವಾರ ಗುಮಾಸ್ತರು ಪಾಸ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದುಕೊಟ್ಟರು. ಹಳೆಯ ನುಡಿ ಫಾಂಟಿನಲ್ಲಿರುವ ಹದಿನೈದು ವರ್ಷಗಳ ಸಭಾ ನಡವಳಿಗಳನ್ನು ಯೂನಿಕೋಡ್‌ಗೆ ತರುವ ಕೆಲಸ ಇನ್ನೂ ಬಾಕಿಯಿದೆ. ಕಾರ್ಯದರ್ಶಿಯವರ ಮಗ ರಜೆಗೆ ಬಂದಾಗ ಆರಂಭಿಸುತ್ತಾನಂತೆ. ಅರ್ಕಾವತ್ತು ತಿದ್ದಲು ನಾನು ಬರುತ್ತೇನೆಂದು ಹೇಳಿದ್ದೇನೆ.